ಕಡ್ಡಿಯ ಮೇಲಿನ ಬಟ್ಟಲು ಅಣಬೆ: ಫೋನು, ಕೈಮಸೂರ, ಸೂಕ್ಷ್ಮದರ್ಶಕ

ಮಡಿಕೇರಿ ಸಮೀಪದ ನಮ್ಮ ಕಾಫಿ ತೋಟದಲ್ಲಿ ನೆರಳಿನ ಮರಗಳ ಕಪಾತು ಮುಗಿದ ಮೇಲೆ ನೆಲದಲ್ಲಿ ಉಳಿಯುವ ಕಡ್ಡಿಗಳು ಜುಲೈ ಹೊತ್ತಿಗೆ ನೆನೆದು ಕೊಳೆಯತೊಡಗುತ್ತವೆ. ಆಗ ಅವುಗಳ ಮೇಲೆ ಸಾಸಿವೆ ಕಾಳಿಗಿಂತ ಸಣ್ಣದರಿಂದ ಹಿಡಿದು ಎರಡು ಸೆಂಟಿಮೀಟರ್ ಅಗಲದವರೆಗಿನ ಬಟ್ಟಲು ಅಣಬೆಗಳು ಮೂಡುತ್ತವೆ. ಊರಿನವರು ಹುಡುಕುವುದು ಪಲ್ಯಕ್ಕಾಗುವ ಅಣಬೆಯನ್ನಾದ್ದರಿಂದ ಇವುಗಳ ತಂಟೆಗೆ ಯಾರೂ ಬರುವುದಿಲ್ಲ. ಇವುಗಳನ್ನು ಗುರುತಿಸಲು ಎರಡು ಮಳೆಗಾಲ ಮೂರು ಸಾಧನಗಳನ್ನು ಒಂದೇ ಕಡ್ಡಿಯ ಮೇಲೆ ಒಂದರ ನಂತರ ಒಂದರಂತೆ ಪ್ರಯೋಗಿಸಿ ನೋಡಿದ್ದೇನೆ.

ಮೊದಲನೆಯದು, ಫೋನಿಗೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಮತ್ತು ಚಿತ್ರ ನೋಡಿ ಹೆಸರು ಸೂಚಿಸುವ ಆ್ಯಪ್. ನಸುಗೆಂಪು ಬಣ್ಣದ, ತೊಟ್ಟಿರುವ, ಆಳವಾದ ಬಟ್ಟಲನ್ನು ಆ್ಯಪ್ ತಡವಿಲ್ಲದೆ ಕುಕೀನಾ ಎಂದಿತು. ಅದು ಬಟ್ಟಲು ಅಣಬೆಗಳ ಒಂದು ಕುಲದ ಹೆಸರು, ಸರಿಯೂ ಆಗಿತ್ತು. ಆದರೆ ಒಂದು ಮಿಲಿಮೀಟರ್ ಅಗಲದ ಬಿಳಿ ಬಟ್ಟಲಿಗೆ ಮೂರು ಚಿತ್ರಗಳಲ್ಲಿ ಮೂರು ಹೆಸರು ಕೊಟ್ಟಿತು. ಮೋಡ ಕವಿದ ತೋಟದ ಬೆಳಕಿನಲ್ಲಿ ಕೈ ನಡುಗಿ ಚಿತ್ರ ಮಸುಕಾದುದರಲ್ಲಿ ನನ್ನ ತಪ್ಪೂ ಇದೆ.

ಎರಡನೆಯದಾದ ಹತ್ತು ಪಟ್ಟು ಹಿಗ್ಗಿಸುವ ಕೈಮಸೂರವೇ ನನ್ನ ಮೆಚ್ಚಿನದು. ಮಸೂರವನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಕಡ್ಡಿಯನ್ನೇ ಅದರತ್ತ ತರಬೇಕು. ಇದನ್ನು ತಿಳಿಯದೆ ಮೊದಲ ವಾರ ಸುಮ್ಮನೆ ಕಣ್ಣು ನೋಯಿಸಿಕೊಂಡೆ. ಆ್ಯಪ್ ಕುಕೀನಾ ಎಂದಷ್ಟೇ ಹೇಳಿ ನಿಲ್ಲಿಸಿದ ಕಡೆ, ಹೊರಮೈಯೆಲ್ಲ ಉದ್ದ ಕೂದಲಿದ್ದರೆ ಅದು ಕುಕೀನಾ ಟ್ರೈಕೊಲೋಮಾ, ಅಂಚಿನ ಬಳಿ ಮಾತ್ರ ಗಿಡ್ಡ ಕೂದಲಿದ್ದರೆ ಕುಕೀನಾ ಸ್ಪೆಸಿಯೋಸಾ ಇರಬಹುದು ಎಂದು ತೋಟದಲ್ಲಿ ನಿಂತೇ ಬೇರ್ಪಡಿಸಲು ಇದರಿಂದ ಸಾಧ್ಯವಾಯಿತು. ಇನ್ನೊಂದು ಕಡ್ಡಿಯಲ್ಲಿ ಕಂದು ಬಟ್ಟಲೊಂದರೊಳಗೆ ಉದ್ದಿನ ಬೇಳೆಯಂಥ ಚಪ್ಪಟೆ ಗುಂಡುಗಳಿದ್ದವು. ಅದು ಹಕ್ಕಿಗೂಡು ಅಣಬೆಯಾದ ಸಯಾಥಸ್. ಆಕಾರ ಬಟ್ಟಲಿನದಾದರೂ ವಂಶದಲ್ಲಿ ಅದು ಕೊಡೆ ಅಣಬೆಗಳ ಬಳಗಕ್ಕೆ ಸೇರಿದ್ದು, ಮಳೆಹನಿ ಬಿದ್ದಾಗ ಬೀಜಕ (ಅಣಬೆಯ ಸಂತತಿ ಹರಡುವ ಸೂಕ್ಷ್ಮ ಕಣ) ತುಂಬಿದ ಆ ಗುಂಡುಗಳು ಹೊರಗೆ ಸಿಡಿಯುತ್ತವೆ. ಎಳೆಯದರ ಬಾಯಿಗೆ ಪೊರೆ ಮುಚ್ಚಿರುವುದರಿಂದ ಅದನ್ನು ಫೋನಿನ ಚಿತ್ರದಲ್ಲಿ ನಾನು ಎರಡು ಸಲ ಬೇರೇನೋ ಎಂದುಕೊಂಡಿದ್ದೆ.

ಆ ಬಿಳಿ ಬಟ್ಟಲು ಮಾತ್ರ ಮಸೂರಕ್ಕೂ ಮಣಿಯಲಿಲ್ಲ. ಸುತ್ತ ಬಿಳಿ ರೋಮವಿದೆ ಎಂಬುದಕ್ಕಿಂತ ಹೆಚ್ಚೇನೂ ಕಾಣದೆ, ಪರಿಚಿತರ ಸೂಕ್ಷ್ಮದರ್ಶಕದ ಮೊರೆ ಹೋದೆ. ಬ್ಲೇಡಿನಿಂದ ತೆಳುವಾಗಿ ಸೀಳಿ, ಮೊದಲು ಬರಿಯ ನೀರಿನಲ್ಲಿ ಇಟ್ಟು ನೋಡಿದಾಗ ರೋಮಗಳ ಮೇಲ್ಮೈ ಹರಳು ಹರಳಾಗಿ ಕಂಡಿತು. ಬೀಜಕಚೀಲಗಳ ನಡುವಿನ ಎಳೆಗಳು ಭರ್ಜಿಯಂತೆ ಚೂಪಾಗಿದ್ದವು. ಬಳಿಕ ಅಯೋಡಿನ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ಕರಗಿಸಿದ ಲೂಗೋಲ್ ದ್ರಾವಣದ ಒಂದು ಹನಿ ಬಿಟ್ಟೊಡನೆ ಪ್ರತಿ ಚೀಲದ ತುದಿಯಲ್ಲಿ ನೀಲಿ ಚುಕ್ಕೆ ಮೂಡಿತು. ಇವೆಲ್ಲ ಒಟ್ಟಿಗೆ ಲ್ಯಾಕ್ನಮ್ ಕುಲವನ್ನು ತೋರಿಸುತ್ತವೆ. ಅಲ್ಲಿಂದ ಜಾತಿಗೆ ಇಳಿಯಲು ಬೀಜಕದ ಉದ್ದಗಲ ಅಳೆಯಬೇಕು, ಯಾವ ಮರದ ಕಡ್ಡಿಯೆಂದೂ ತಿಳಿದಿರಬೇಕು. ನಾನೋ ಕಡ್ಡಿ ಸಿಲ್ವರ್ ಓಕ್‌ನದೋ ಕಾಫಿಯದೋ ಎಂದು ಬರೆದುಕೊಂಡೇ ಇರಲಿಲ್ಲ.

ಸೂಕ್ಷ್ಮದರ್ಶಕದ ದೊಡ್ಡ ತೊಡಕು ಬೆಲೆಯಲ್ಲ, ಸಮಯ. ಜೀವಂತ ಚೀಲ ಉಬ್ಬಿ ನಿಂತಿರುತ್ತದೆ, ಸತ್ತದ್ದು ಕುಗ್ಗುತ್ತದೆ. ಒಣಗಿದ ಮಾದರಿಯ ಅಳತೆಯೂ ಹಸಿಯದರ ಅಳತೆಯೂ ಒಂದೇ ಆಗಿರುವುದಿಲ್ಲ. ಆದ್ದರಿಂದ ಈಗ ಕಡ್ಡಿಯನ್ನು ಒದ್ದೆ ಪಾಚಿಯ ಜೊತೆ ಚಿಕ್ಕ ಡಬ್ಬಿಯಲ್ಲಿಟ್ಟು, ದಿನಾಂಕದ ಜೊತೆ ಮರದ ಹೆಸರನ್ನೂ ಬರೆದು, ಮರುದಿನವೇ ನೋಡಿಬಿಡುತ್ತೇನೆ. ಸಂಗ್ರಹವೆಲ್ಲ ನಮ್ಮ ತೋಟದ್ದೇ. ಬ್ರಹ್ಮಗಿರಿ, ಪುಷ್ಪಗಿರಿಯಂಥ ಅಭಯಾರಣ್ಯಗಳಲ್ಲಿ ಅನುಮತಿಯಿಲ್ಲದೆ ಕಡ್ಡಿಯನ್ನೂ ಎತ್ತುವಂತಿಲ್ಲವಾದ್ದರಿಂದ ಅಲ್ಲಿ ಕೈಮಸೂರವನ್ನಷ್ಟೇ ಒಯ್ಯುತ್ತೇನೆ.