ರಕ್ತದ ಪರೀಕ್ಷೆಯೋ, ನರದ ಪರೀಕ್ಷೆಯೋ?

ಮಗುವಿನ ಕೈಕಾಲು ಸಡಿಲ, ಕತ್ತು ನಿಲ್ಲುತ್ತಿಲ್ಲ. ಕಲಬುರಗಿಯ ಡಾಕ್ಟರು ಎಸ್‌ಎಂಎ (ಜೀನ್ ದೋಷದಿಂದ ನರಕೋಶ ಸವೆದು ಸ್ನಾಯು ಸೊರಗುವ ಕಾಯಿಲೆ) ಇರಬಹುದು ಅಂದರೆ ಮುಂದೆ ಎರಡು ಪರೀಕ್ಷೆಗಳ ಮಾತು ಬರುತ್ತದೆ.

ಜೀನ್ ಪರೀಕ್ಷೆಗೆ ಒಂದು ಸಲ ರಕ್ತ ಕೊಟ್ಟರೆ ಸಾಕು. ಸುಮಾರು 95% ರೋಗಿಗಳಲ್ಲಿ ಎಸ್‌ಎಂಎನ್1 ಜೀನಿನ ಕೊರತೆ ಇದರಲ್ಲೇ ಸಿಗುತ್ತದೆ. ರಿಪೋರ್ಟಿಗೆ ಕಾಯಬೇಕು, ಅದೊಂದೇ ಕಿರಿಕಿರಿ.

ನರದ ಪರೀಕ್ಷೆಯಲ್ಲಿ ಎರಡು ಭಾಗ. ನರದ ವೇಗ ಅಳೆಯುವ ಎನ್‌ಸಿವಿಯಲ್ಲಿ ಚರ್ಮಕ್ಕೆ ಪಟ್ಟಿ ಅಂಟಿಸಿ ಸಣ್ಣ ಕರೆಂಟ್ ಕೊಡುತ್ತಾರೆ, ಮಗು ಬೆಚ್ಚುತ್ತದೆ. ಸ್ನಾಯುವಿನ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿಯಲ್ಲಿ ತೆಳು ಸೂಜಿ ನೇರ ಸ್ನಾಯುವಿಗೆ. ನೋವು ಜಾಸ್ತಿ ಇದರಲ್ಲೇ. ಇಷ್ಟಾದರೂ ನರದ ತೊಂದರೆ ಅಂತ ಹೇಳೀತು, ಎಸ್‌ಎಂಎ ಅಂತ ಖಚಿತ ಮಾಡದು.

ನಾನಾದರೆ ರಕ್ತದ್ದನ್ನೇ ಮೊದಲು ಕೇಳುತ್ತೇನೆ. ಪಾಸಿಟಿವ್ ಬಂದರೆ ಸೂಜಿ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ, ಅಲ್ವಾ?

ನರದ್ದೂ ಬೇಕು ಅಂದರೆ, ಅಂದು ಎಣ್ಣೆ ಹಚ್ಚಿ ಎರೆಯಬೇಡಿ, ಸುಮ್ನೆ ನೀರು ಹಾಕಿ. ಎಣ್ಣೆ ಮೈಗೆ ಪಟ್ಟಿ ಹಿಡಿಯುವುದಿಲ್ಲ. ಹೊರಗೆ ನಮ್ಮೂರ ಬಿಸಿಲಿದ್ದರೂ ಕಾಲುಚೀಲ, ಚಾದರ ಒಯ್ಯಿರಿ. ಎಸಿ ರೂಮಿನಲ್ಲಿ ಕೈಕಾಲು ತಣ್ಣಗಾದರೆ ಅಳತೆ ತಪ್ಪುತ್ತದೆ. ತಾಯಿಯ ತೊಡೆ ಮೇಲೆ ಕೂರಿಸಿಕೊಂಡೇ ಮಾಡಬಹುದಾ, ಸೂಜಿ ಎಷ್ಟು ಕಡೆ ಅಂತ ಮೊದಲೇ ಕೇಳಿ.