ಮಧುನಾಶಿನಿ ಕ್ಯಾಪ್ಸೂಲ್: 14 ತಿಂಗಳು ತಗೊಂಡ ಮೇಲೆ ಬರೆಯುತ್ತಿದ್ದೇನೆ

ನನಗೆ ಶುಗರ್ ಬಂದು ಆರು ವರ್ಷ. ಕಳೆದ ವರ್ಷ ಸಂಕ್ರಾಂತಿ ಆದ ಮೇಲೆ, ಇಲ್ಲೇ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಮಧುನಾಶಿನಿ ಎಲೆಯ ಸಾರದ ಕ್ಯಾಪ್ಸೂಲ್ ತಗೊಂಡೆ. ಒಂದರಲ್ಲಿ 400 ಮಿಲಿಗ್ರಾಂ ಸಾರ, ಅದರಲ್ಲಿ ಶೇ 25 ಜಿಮ್ನೆಮಿಕ್ ಆಮ್ಲ ಅಂತ ಡಬ್ಬಿ ಮೇಲಿತ್ತು. ದಿನಕ್ಕೆ ಎರಡು ತಗೊಳ್ಳುತ್ತಿದ್ದೆ.

ಸರಕು ಅಸಲಿಯೋ ನೋಡೋಣ ಅಂತ ಒಂದನ್ನು ಬಿಚ್ಚಿ ಪುಡಿಯನ್ನು ನಾಲಿಗೆಗೆ ಸವರಿಕೊಂಡೆ. ಬಲು ಕಹಿ. ಬಾಯಿ ಮುಕ್ಕಳಿಸಿ ಸಕ್ಕರೆ ಹಾಕಿಕೊಂಡರೆ ಉಸುಕು ಅಗಿದ ಹಾಗೆ! ಸಿಹಿಯನ್ನು ಗುರುತಿಸುವ ಜಾಗಕ್ಕೇ ಆ ಆಮ್ಲ ಸ್ವಲ್ಪ ಹೊತ್ತು ಅಂಟಿ ಕೂರುತ್ತದೆ. ಇದರಿಂದ ಎಲೆ ಇದೆ ಅನ್ನುವುದಷ್ಟೇ ಗೊತ್ತಾಗುತ್ತದೆ. ರಕ್ತದಲ್ಲಿ ಶುಗರ್ ಇಳಿಯಿತೋ ಇಲ್ಲವೋ ಮೀಟರೇ ಹೇಳಬೇಕು.

ನಾನು ಮಾಡಿದ ದೊಡ್ಡ ತಪ್ಪು ಅಂದರೆ ಡಾಕ್ಟರಿಗೆ ಹೇಳದೇ ಇದ್ದದ್ದು. ಎಲೆ ತಾನೇ, ಏನಾಗುತ್ತೆ ಅಂದುಕೊಂಡೆ. ಶುಗರ್ ಇಳಿಸಲು ಅವರು ಕೊಟ್ಟಿದ್ದ ಗ್ಲಿಮೆಪಿರೈಡ್ ಮಾತ್ರೆ ನಡೆದೇ ಇತ್ತು. ಶರಣಬಸವೇಶ್ವರ ಜಾತ್ರೆಯ ದಿನ ಮಧ್ಯಾಹ್ನದ ಊಟ ತಪ್ಪಿತು. ತೇರು ನೋಡಲು ನಿಂತಲ್ಲೇ ಕೈ ನಡುಗಿ, ಮೈಯೆಲ್ಲ ತಣ್ಣನೆ ಬೆವರು. ನಮ್ಮೂರಿನ ಬಿಸಿಲಿಗೆ ಬರುವ ಬೆವರಲ್ಲ ಅದು. ಮಗಳ ಚೀಲದಲ್ಲಿದ್ದ ಮೀಟರ್ 58 ತೋರಿಸಿತು. 70ರ ಕೆಳಗೆ ಹೋದರೇ ತಕ್ಷಣ ಸಿಹಿ ಬೇಕು. ಅವಳು ಓಡಿ ಹೋಗಿ ಕಬ್ಬಿನ ಹಾಲು ತಂದು ಕುಡಿಸಿದಳು. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಾಗ 84. ಆಗ ಜೀವ ಬಂದ ಹಾಗಾಯಿತು.

ಉಂಡರೂ ಉಣದಿದ್ದರೂ ಆ ಮಾತ್ರೆ ಇನ್ಸುಲಿನ್ ಹೊರಡಿಸುತ್ತದೆ. ಮಧುನಾಶಿನಿಯೂ ಅದರ ಜೊತೆ ಸೇರಿ ಶುಗರ್ ಇಳಿಸಬಹುದು. ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಮಾತ್ರೆ ಅರ್ಧ ಮಾಡಿದರು, ಕ್ಯಾಪ್ಸೂಲ್ ಒಂದಕ್ಕೆ ಇಳಿಸಿದರು, ಲಿವರ್ ಪರೀಕ್ಷೆಯನ್ನೂ ಬರೆದರು. ಈ ಎಲೆಯಿಂದ ಲಿವರಿಗೆ ತೊಂದರೆಯಾದ ಅಪರೂಪದ ಪ್ರಕರಣವೂ ದಾಖಲಾಗಿದೆಯಂತೆ. ನನ್ನ ಲಿವರ್ ಚೆನ್ನಾಗಿದೆ.

ಮೂರು ತಿಂಗಳ ಸರಾಸರಿ, ಅಂದರೆ ಎಚ್‌ಬಿಎ1ಸಿ, 8.1 ಇದ್ದದ್ದು 7.4 ಆಗಿದೆ. ಅಷ್ಟೂ ಎಲೆಯಿಂದಲೇ ಅಂತ ನಾನು ಹೇಳಲಾರೆ. ರಾತ್ರಿ ಅನ್ನ ಬಿಟ್ಟು ಜೋಳದ ರೊಟ್ಟಿಗೆ ಬಂದಿದ್ದೇನೆ. ದಿನಾ ಸಂಜೆ ಅಪ್ಪನ ಕೆರೆ ಕಡೆ ನಡೆಯುತ್ತೇನೆ. ಅದೂ ಸೇರಿದೆ ಅಲ್ವಾ? ಮೊದಲ ವಾರಗಳಲ್ಲಿ ಖಾಲಿ ಹೊಟ್ಟೆಗೆ ತಗೊಂಡಾಗ ಹೊಟ್ಟೆ ತೊಳಸುತ್ತಿತ್ತು. ಊಟದ ಜೊತೆ ತಗೊಂಡ ಮೇಲೆ ಅದು ನಿಂತಿತು.

ನನ್ನ ಡಬ್ಬಿ ನೋಡಿ ಪಕ್ಕದ ಮನೆಯವರು ಬಸುರಿ ಮಗಳಿಗೆ ಕೊಡಲೇ ಅಂತ ಕೇಳಿದರು. ಬೇಡವೇ ಬೇಡ ಅಂದೆ. ಬರುವ ತಿಂಗಳು ನನಗೆ ಕಣ್ಣಿನ ಪೊರೆಯ ಆಪರೇಷನ್ ಇದೆ. ಎರಡು ವಾರ ಮುಂಚೆಯೇ ಈ ಕ್ಯಾಪ್ಸೂಲ್ ನಿಲ್ಲಿಸಿ ಅಂತ ಡಾಕ್ಟರು ಅಂದಿದ್ದಾರೆ. ಡಬ್ಬಿಯನ್ನು ನನ್ನ ಮಗಳ ಕೈಗೆ ಕೊಟ್ಟಿದ್ದೇನೆ.