ಮಾಟುಂಗದ ಪ್ರಯೋಗಾಲಯದಲ್ಲಿ ಉಸಿರಿನ ಸ್ನಾಯುಗಳ ಪರೀಕ್ಷೆ: ಬಲ ಅಳೆದರು, ತಾಳಿಕೆ ಅಳೆಯಲಿಲ್ಲ

ಮುಂಬಯಿ ಬಳಿಯ ಡೊಂಬಿವಲಿಯ ಹವ್ಯಾಸಿ ಯಕ್ಷಗಾನ ತಂಡವೊಂದರಲ್ಲಿ ಭಾಗವತಿಕೆ ಮಾಡುವ ನಮ್ಮ ಭಾವನವರಿಗೆ ಕೆಲವು ತಿಂಗಳಿಂದ ಏರು ಪದ್ಯಗಳಲ್ಲಿ ಉಸಿರು ಸಾಲುತ್ತಿರಲಿಲ್ಲ. ಕೊಳವೆಯಲ್ಲಿ ಊದಿಸಿ ಶ್ವಾಸಕೋಶದ ಗಾಳಿಯ ಪ್ರಮಾಣ, ವೇಗ ಅಳೆಯುವ ಸ್ಪೈರೋಮೆಟ್ರಿಯಲ್ಲಿ ದೋಷವೇನೂ ಕಾಣದ ಕಾರಣ ಎದೆರೋಗ ತಜ್ಞರು ಉಸಿರಾಟದ ಸ್ನಾಯುಗಳ ಬಲ, ತಾಳಿಕೆ ಎರಡನ್ನೂ ಅಳೆಸಿಕೊಂಡು ಬರಲು ಚೀಟಿ ಬರೆದರು. ಹಾಗೆ ಹೋದದ್ದು ಮಾಟುಂಗದ ಒಂದು ಖಾಸಗಿ ಪ್ರಯೋಗಾಲಯಕ್ಕೆ.

ಬಲದ ಪರೀಕ್ಷೆಗೆ ಮೂಗಿಗೆ ಕ್ಲಿಪ್ ಹಾಕಿಕೊಂಡು, ಉಸಿರನ್ನು ಪೂರ್ತಿ ಹೊರಬಿಟ್ಟು, ಮುಚ್ಚಿದ ಕೊಳವೆಯಿಂದ ಗಾಳಿಯನ್ನು ಬಲವೆಲ್ಲ ಹಾಕಿ ಒಳಗೆಳೆಯಬೇಕು. ಆಗ ಬಾಯಲ್ಲಿ ಉಂಟಾಗುವ ಒತ್ತಡವನ್ನು ಯಂತ್ರವು ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ ತೋರಿಸುತ್ತದೆ. ಬರೀ ಕೆನ್ನೆಯಿಂದ ಹೀರಿ ಅಂಕ ಏರಿಸದಂತೆ ಕೊಳವೆಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಯಂತ್ರ ಎಷ್ಟೇ ಉತ್ತಮವಾಗಿರಲಿ, ರೋಗಿ ಮನಸ್ಸಿಟ್ಟು ಎಳೆಯದಿದ್ದರೆ ಅಂಕಕ್ಕೆ ಅರ್ಥವಿಲ್ಲ. ಇಲ್ಲಿಯ ಮರಾಠಿ ತಂತ್ರಜ್ಞೆಯನ್ನು ಮೆಚ್ಚಬೇಕಾದದ್ದು ಅದಕ್ಕೇ. ಮೊದಲ ಸಲ 54 ಬಂದಾಗ ಆಕೆ ಬರೆದುಕೊಳ್ಳದೆ, ಭಾವನವರ ಕುಳಿತ ಭಂಗಿಯನ್ನು ಸರಿಪಡಿಸಿ, ನಡುವೆ ಒಂದೊಂದು ನಿಮಿಷ ವಿಶ್ರಾಂತಿ ಕೊಟ್ಟು, ಪ್ರತಿ ಸಲವೂ "ಓಢಾ, ಓಢಾ" (ಎಳೆಯಿರಿ, ಎಳೆಯಿರಿ) ಎಂದು ಚಂಡೆಯವರಂತೆ ಹುರಿದುಂಬಿಸಿದರು. ಏಳನೆಯ ಪ್ರಯತ್ನದಲ್ಲಿ 83 ಬಂತು. ಅದರ ಆಸುಪಾಸಿನಲ್ಲೇ ಇನ್ನೆರಡು ಅಂಕ ಬಂದ ಮೇಲೆಯೇ ನಿಲ್ಲಿಸಿದರು. 80 ದಾಟಿದವರಲ್ಲಿ ಗಣನೀಯ ದೌರ್ಬಲ್ಯದ ಸಂಭವ ಕಡಿಮೆ ಎನ್ನುತ್ತಾರೆ; ಮೊದಲ ಅಂಕಕ್ಕೇ ತೃಪ್ತರಾಗಿದ್ದರೆ ಭಾವನವರು ಸುಮ್ಮನೆ ದುರ್ಬಲರ ಪಟ್ಟಿಗೆ ಸೇರುತ್ತಿದ್ದರು.

ತಾಳಿಕೆಯ ವಿಷಯದಲ್ಲಿ ಮಾತ್ರ ನಿರಾಶೆಯಾಯಿತು. 12 ಸೆಕೆಂಡು ಬಿರುಸಾಗಿ ಉಸಿರಾಡಿಸಿ, ಆ ಗಾಳಿಯ ಮೊತ್ತವನ್ನು ಐದರಿಂದ ಗುಣಿಸಿ, ನಿಮಿಷಕ್ಕೆ ಇಷ್ಟು ಲೀಟರ್ ಎಂದು ವರದಿಯಲ್ಲಿ 'ತಾಳಿಕೆ' ಎಂಬ ಶೀರ್ಷಿಕೆಯಡಿ ಮುದ್ರಿಸಿದರು. ಅದು ತಾಳಿಕೆಯಲ್ಲ, ಗರಿಷ್ಠ ಉಸಿರಾಟದ ಪ್ರಮಾಣ. ಶ್ವಾಸನಾಳ ಕಿರಿದಾಗಿದ್ದರೂ ಆ ಅಂಕ ಕುಗ್ಗುತ್ತದೆ. ತಾಳಿಕೆ ತಿಳಿಯಬೇಕಾದರೆ ಗೊತ್ತಾದ ಒಂದು ತಡೆಯ ವಿರುದ್ಧ ಉಸಿರೆಳೆಯುತ್ತ ಎಷ್ಟು ಹೊತ್ತು ನಿಲ್ಲಬಲ್ಲರು ಎಂಬುದನ್ನು ನೋಡಬೇಕು, ಅಥವಾ ಆ ತಡೆಯನ್ನು ಹಂತಹಂತವಾಗಿ ಏರಿಸುತ್ತ ಹೋಗಬೇಕು. ಗಂಟೆಗಟ್ಟಲೆ ಪದ್ಯದ ಮೇಲೆ ಪದ್ಯ ಹೇಳುವ ಭಾಗವತರಿಗೆ ಬೇಕಾದದ್ದು ಆ ಲೆಕ್ಕವೇ. ಕೌಂಟರಿನಲ್ಲಿ ಕೇಳಿದರೆ "ನಾವು ಎಲ್ಲರಿಗೂ ಹೀಗೇ ಕೊಡುತ್ತೇವೆ" ಎಂಬ ಉತ್ತರ ಬಂತು. ಹಣವನ್ನು ಮಾತ್ರ ಎರಡೂ ಪರೀಕ್ಷೆಗಳಿಗೆಂದು ಪಡೆದಿದ್ದರು.

ಬಲದ ಪರೀಕ್ಷೆಯೊಂದೇ ಸಾಕೆನ್ನುವವರು ಧಾರಾಳವಾಗಿ ಇಲ್ಲಿಗೆ ಹೋಗಬಹುದು. ವರದಿ ನೋಡಿದ ನಮ್ಮ ವೈದ್ಯರು ತಾಳಿಕೆಯ ಸಾಲಿನ ಮೇಲೆ ಗೆರೆ ಎಳೆದು, ಅದೇ ಪರೀಕ್ಷೆಯನ್ನು ಇನ್ನೊಂದು ಚೀಟಿಯಲ್ಲಿ ಮತ್ತೆ ಬರೆದುಕೊಟ್ಟಿದ್ದಾರೆ.